ಟ್ರಾಮ್ ಹಳಿಯಿರುವ ರಸ್ತೆಯಲ್ಲಿ ಸೈಕಲ್: ಬೀಳದೆ ದಾಟುವುದು ಹೇಗೆ

ಟ್ರಾಮ್ ಓಡುವ ಊರುಗಳಲ್ಲಿ ಹೊಸದಾಗಿ ಸೈಕಲ್ ಹತ್ತಿದವರಿಗೆ ಟ್ರಾಮಿನದೇ ಭಯ. ಆದರೆ ಟ್ರಾಮ್ ಕಣ್ಣಳತೆಯಲ್ಲೇ ಇಲ್ಲದ ಹೊತ್ತಿನಲ್ಲೂ ಅದರ ಹಳಿ ಜನರನ್ನು ಕೆಡವುತ್ತಿರುತ್ತದೆ. ಕೆನಡಾದ ಟೊರಾಂಟೊದಲ್ಲಿ ಸೈಕಲ್ ಅಪಘಾತವಾಗಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಬಂದ 276 ಜನರನ್ನು ಮಾತಾಡಿಸಿ ನಡೆಸಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ 87 ಅಪಘಾತಗಳಿಗೆ ಹಳಿಯೊಂದಿಗೆ ನೇರ ಸಂಬಂಧವಿತ್ತು. ಹೆಚ್ಚುಕಡಿಮೆ ಮೂರರಲ್ಲಿ ಒಂದು. ಹೆಚ್ಚಿನವರ ಕತೆ ಒಂದೇ: ಟೈರು ಹಳಿಯ ಸಂದಿಗೆ ಇಳಿಯಿತು, ಮುಂದಿನದು ನೆನಪಿಲ್ಲ.

ನೆನಪಿರುವುದಕ್ಕೆ ಸಮಯವೇ ಸಿಗುವುದಿಲ್ಲ ಅನ್ನಿ. ಆದ್ದರಿಂದ ಈ ವಿಷಯದಲ್ಲಿ ಚಾಣಾಕ್ಷತನ ಕೆಲಸಕ್ಕೆ ಬರುವುದು ಹಳಿ ತಲುಪಿದ ಮೇಲಲ್ಲ. ಹಳಿಗೆ ಇನ್ನೂ ಇಪ್ಪತ್ತು ಮೀಟರ್ ಇರುವಾಗ ನೀವು ರಸ್ತೆಯ ಯಾವ ಭಾಗದಲ್ಲಿದ್ದಿರಿ, ಹಿಂದೆ ತಿರುಗಿ ನೋಡಿದಿರಾ, ಯಾವ ದಿಕ್ಕಿಗೆ ಹ್ಯಾಂಡಲ್ ಇಟ್ಟಿರಿ ಎಂಬುದರಲ್ಲೇ ಬೀಳುವುದೋ ಬಿಡುವುದೋ ಮುಗಿದುಹೋಗಿರುತ್ತದೆ.

ಹಳಿ ಚಕ್ರವನ್ನು ಹಿಡಿಯುವ ಬಗೆ

ಕಾರು, ಬಸ್ಸುಗಳೂ ಓಡಾಡಬೇಕಾದ್ದರಿಂದ ಬೀದಿಯ ಟ್ರಾಮ್ ಹಳಿಯನ್ನು ರಸ್ತೆಯ ಮಟ್ಟಕ್ಕೇ ಹೂತಿರುತ್ತಾರೆ. ಟ್ರಾಮಿನ ಉಕ್ಕಿನ ಗಾಲಿಯ ಒಳಬದಿಯಲ್ಲಿ ಚಾಚಿಕೊಂಡ ಒಂದು ಅಂಚು ಇರುತ್ತದೆ. ಗಾಲಿ ಹಳಿ ತಪ್ಪದಂತೆ ನೋಡಿಕೊಳ್ಳುವುದು ಅದೇ. ಆ ಅಂಚು ಇಳಿದು ಓಡಲು ಹಳಿಯುದ್ದಕ್ಕೂ ಒಂದು ಸಂದು ಬೇಕು. ಅದರ ಅಗಲ ಸಾಮಾನ್ಯವಾಗಿ 40 ಮಿಲಿಮೀಟರಿನ ಆಸುಪಾಸು. ರೇಸಿಂಗ್ ಸೈಕಲ್ಲಿನ ಟೈರು 25ರಿಂದ 32 ಮಿಲಿಮೀಟರ್, ದಿನಬಳಕೆಯ ಸೈಕಲ್ಲಿನದು 35ರಿಂದ 42. ಅಂದರೆ ಸಂದು ಅಳತೆ ಕೊಟ್ಟು ಮಾಡಿಸಿದಂತಿದೆ.

ಟೈರು ಒಳಗಿಳಿದರೆ ಸೈಕಲ್ ಯಾಕೆ ಬೀಳಬೇಕು, ನೇರವಾಗಿ ಹೋಗುತ್ತಿರಬಹುದಲ್ಲ ಎಂದು ಅನ್ನಿಸಬಹುದು. ಸೈಕಲ್ ನೇರವಾಗಿ ಹೋಗುತ್ತಿದೆ ಎಂದು ನಮಗೆ ಕಾಣುವಾಗಲೂ ಅದು ನೇರವಾಗಿ ಹೋಗುತ್ತಿರುವುದಿಲ್ಲ. ದೇಹ ಒಂದು ಕಡೆ ಕೊಂಚ ವಾಲಿದೊಡನೆ ಕೈ ಗೊತ್ತಿಲ್ಲದೆಯೇ ಹ್ಯಾಂಡಲನ್ನು ಅದೇ ಕಡೆಗೆ ತಿರುಗಿಸಿ ಚಕ್ರವನ್ನು ದೇಹದ ಅಡಿಗೆ ತರುತ್ತದೆ. ಇದು ಎಡೆಬಿಡದೆ ನಡೆಯುವ ಕೆಲಸ. ಮುಂದಿನ ಚಕ್ರ ಸಂದಿನಲ್ಲಿ ಸಿಕ್ಕಿದ ಕ್ಷಣ ಈ ತಿದ್ದುಪಡಿ ನಿಲ್ಲುತ್ತದೆ. ವಾಲಿದ್ದು ವಾಲುತ್ತಲೇ ಹೋಗುತ್ತದೆ.

ಎರಡನೆಯ ಅಪಾಯ ಜಾರುವುದು. ಒದ್ದೆಯಾದ ಉಕ್ಕಿನ ಮೇಲೆ ರಬ್ಬರಿನ ಹಿಡಿತ ತೀರ ಕಡಿಮೆ. ಓರೆಯಾಗಿ ಬಂದ ಚಕ್ರ ಮೊದಲು ಹಳಿಯ ತಲೆಯ ಮೇಲೆ ಪಕ್ಕಕ್ಕೆ ಜಾರಿ, ಆಮೇಲೆ ಸಂದಿಗೆ ಬೀಳುವುದೂ ಉಂಟು. ಎರಡೂ ಅಪಾಯಗಳಿಗೆ ಮೂಲ ಒಂದೇ: ಓರೆ.

ಕೋನದ ಲೆಕ್ಕ

ಕಾಗದ ತೆಗೆದು ಒಮ್ಮೆ ಲೆಕ್ಕ ಹಾಕಿದರೆ ಈ ಮಾತು ಮರೆತುಹೋಗುವುದಿಲ್ಲ. ಸಂದು 40 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಹಳಿಗೆ ನೇರ ಅಡ್ಡವಾಗಿ, ಅಂದರೆ 90 ಡಿಗ್ರಿಯಲ್ಲಿ ಬಂದರೆ ನಿಮ್ಮ ಚಕ್ರ ದಾಟಬೇಕಾದ ಕಂದಕ ಅಷ್ಟೇ, 40. ಅರವತ್ತು ಡಿಗ್ರಿಗೆ 46. ನಲವತ್ತೈದಕ್ಕೆ 57. ಮೂವತ್ತಕ್ಕೆ ಅದು ದುಪ್ಪಟ್ಟಾಗಿ 80 ಆಗುತ್ತದೆ, ಹದಿನೈದಕ್ಕೆ 155, ಹತ್ತು ಡಿಗ್ರಿಗೆ 230. ತೊಂಬತ್ತರಿಂದ ಅರವತ್ತಕ್ಕೆ ಇಳಿದಾಗ ನಷ್ಟ ಅತ್ಯಲ್ಪ. ಮೂವತ್ತರ ಕೆಳಗೆ ಇಳಿದಾಗ ಕಂದಕ ಬಾಯ್ತೆರೆದುಕೊಳ್ಳುತ್ತದೆ.

ಅಮೆರಿಕದ ಟೆನ್ನೆಸ್ಸೀ ರಾಜ್ಯದ ನಾಕ್ಸ್‌ವಿಲ್‌ನಲ್ಲಿ ರಸ್ತೆಯನ್ನು ತೀರ ಓರೆಯಾಗಿ ಕತ್ತರಿಸುತ್ತಿದ್ದ ಒಂದು ರೈಲು ಹಳಿಗೆ ಅಲ್ಲಿನ ವಿಶ್ವವಿದ್ಯಾಲಯದ ಸಂಶೋಧಕರು ಕ್ಯಾಮೆರಾ ಕಟ್ಟಿ, ದಾಟುವ ಸೈಕಲ್‌ಗಳನ್ನು ಚಿತ್ರೀಕರಿಸಿದರು. ಬಿದ್ದವರಲ್ಲಿ ಹೆಚ್ಚಿನವರು ಕಡಿಮೆ ಕೋನದಲ್ಲಿ ಬಂದವರು. ಕೊನೆಗೆ ಅಲ್ಲಿ ಸೈಕಲ್ ದಾರಿಯನ್ನೇ ಸ್ವಲ್ಪ ಬಳಸಿ ತಂದು ಹಳಿಗೆ ಅಡ್ಡವಾಗಿ ಹಾಯುವಂತೆ ಮಾಡಿದರು.

ಹಾಗಾಗಿ ನೆನಪಿಡಬೇಕಾದ ಸಂಖ್ಯೆ 60. ಅದಕ್ಕಿಂತ ಹೆಚ್ಚಿದ್ದರೆ ಒಳ್ಳೆಯದು. ತೊಂಬತ್ತೇ ಬೇಕೆಂಬ ಹಟ ಬೇಡ. ದಟ್ಟ ಸಂಚಾರದಲ್ಲಿ ಅಷ್ಟು ಚೂಪಾಗಿ ತಿರುಗಲು ಹೋದರೆ ಹಿಂದಿನ ಕಾರಿನವರಿಗೆ ನೀವೇ ಒಂದು ಅಡ್ಡಿ.

ದಾಟುವ ಕ್ರಮ

1. ದೂರದಿಂದಲೇ ಹಳಿಯ ದಾರಿಯನ್ನು ಓದಿ. ಮುಂದೆ ಅದು ನೇರವಾಗಿಯೇ ಹೋಗುತ್ತದೆಯೋ, ನಿಮ್ಮ ಕಡೆ ಬಾಗುತ್ತದೆಯೋ? ತಂತಿಗಳನ್ನು ನೋಡಿ. ಮೇಲಿನ ವಿದ್ಯುತ್ ತಂತಿ ಬಾಗಿದ ಕಡೆ ಕೆಳಗಿನ ಹಳಿಯೂ ಬಾಗಿರುತ್ತದೆ. ಮುಂದಿನ ವ್ಯಾನು ರಸ್ತೆಯನ್ನು ಮರೆಮಾಡಿದಾಗ ಇದೇ ಸುಳಿವು.

2. ಹಿಂದೆ ತಿರುಗಿ ನೋಡಿ. ಕನ್ನಡಿಯಿದ್ದರೂ ಒಮ್ಮೆ ಕತ್ತು ತಿರುಗಿಸಿಯೇ ನೋಡಿ. ಇಡೀ ಕ್ರಮದಲ್ಲಿ ಜನ ಬಿಟ್ಟುಬಿಡುವುದು ಇದನ್ನೇ, ಮಿಕ್ಕದ್ದೆಲ್ಲ ಕೆಡುವುದೂ ಇದರಿಂದಲೇ. ಹಿಂದೆ ಯಾರಿದ್ದಾರೆಂದು ಗೊತ್ತಿಲ್ಲದವರು ಅಗಲವಾಗಿ ತಿರುಗಲು ಹೆದರುತ್ತಾರೆ. ಹೆದರಿಕೆಯಿಂದ ಹಳಿಯನ್ನು ಓರೆಯಾಗಿ ಸವರಿಕೊಂಡು ದಾಟಲು ಹೋಗುತ್ತಾರೆ.

3. ಕೈ ತೋರಿಸಿ. ನಿಮ್ಮ ಹಿಂದಿನವರಿಗೆ ಹಳಿಯ ಅಪಾಯ ಗೊತ್ತಿರಬೇಕಿಲ್ಲ. ನೀವು ಪಕ್ಕಕ್ಕೆ ಸರಿಯುತ್ತೀರಿ ಎಂಬುದಷ್ಟು ಗೊತ್ತಾದರೆ ಸಾಕು. ತೋರಿಸಿದ ಮೇಲೆ ಎರಡೂ ಕೈ ಮತ್ತೆ ಹ್ಯಾಂಡಲಿಗೆ ಬರಲಿ. ಒಂದು ಕೈಯಲ್ಲಿ ಹಳಿ ದಾಟಬೇಡಿ.

4. ಜಾಗವಿದ್ದರೆ ಮೊದಲು ಹಳಿಯಿಂದ ಸ್ವಲ್ಪ ದೂರಕ್ಕೆ ಸರಿದು, ಆಮೇಲೆ ಹಳಿಯ ಕಡೆ ತಿರುಗಿ. ಈ ಸಣ್ಣ ಬಳಸಿನಿಂದಲೇ ಕೋನ ದೊಡ್ಡದಾಗುತ್ತದೆ. ತಿರುಗುವ ಕೆಲಸವೆಲ್ಲ ಹಳಿ ಬರುವ ಮೊದಲೇ ಮುಗಿದಿರಬೇಕು.

5. ಹಳಿಯ ಮೇಲೆ ಸೈಕಲ್ ನೆಟ್ಟಗಿರಲಿ. ವಾಲಿಕೊಂಡಿರಬಾರದು, ಬ್ರೇಕ್ ಹಿಡಿಯಬಾರದು, ಜೋರಾಗಿ ತುಳಿಯಬಾರದು. ಪೆಡಲ್ ಎರಡೂ ಒಂದೇ ಮಟ್ಟದಲ್ಲಿಟ್ಟು, ಸೀಟಿನಿಂದ ಒಂದಿಷ್ಟು ಮೇಲೆದ್ದು, ಮೊಣಕೈ ಸಡಿಲಬಿಟ್ಟು ಉರುಳಿಹೋಗಿ. ವೇಗ ಕಡಿಮೆಯಿರಲಿ, ಆದರೆ ಓಲಾಡುವಷ್ಟು ಕಡಿಮೆ ಬೇಡ. ಕಣ್ಣು ದಾಟಿ ಹೋಗಬೇಕಾದ ಜಾಗದ ಮೇಲಿರಲಿ. ಹಳಿಯನ್ನೇ ನೋಡುತ್ತಿದ್ದರೆ ಸೈಕಲ್ ಹಳಿಯತ್ತಲೇ ಎಳೆಯುತ್ತದೆ.

6. ಹಿಂದಿನ ಚಕ್ರವೂ ಪೂರ್ತಿ ದಾಟುವವರೆಗೆ ಹ್ಯಾಂಡಲ್ ತಿರುಗಿಸಬೇಡಿ.

ಈ ಕೊನೆಯ ಹೆಜ್ಜೆಗೆ ಸ್ವಲ್ಪ ವಿವರಣೆ ಬೇಕು. ಬಹಳಷ್ಟು ಊರುಗಳಲ್ಲಿ ಜೋಡಿ ಹಳಿಗಳ ನಡುವಿನ ಅಂತರ 1435 ಮಿಲಿಮೀಟರ್, ಟೊರಾಂಟೊದಲ್ಲಿ 1495. ಸೈಕಲ್ಲಿನ ಎರಡು ಚಕ್ರಗಳ ನಡುವೆ ಸುಮಾರು ಒಂದು ಮೀಟರ್. ಮುಂದಿನ ಚಕ್ರ ಎರಡನೆಯ ಹಳಿಯನ್ನು ದಾಟಿದಾಗ ಹಿಂದಿನ ಚಕ್ರ ಇನ್ನೂ ಹಳಿಗಳ ನಡುವೆ ಇರುತ್ತದೆ. ಆದರೆ ಸವಾರನ ಮನಸ್ಸಿನಲ್ಲಿ ದಾಟಿ ಆಗಿರುತ್ತದೆ. ಅವನು ರಸ್ತೆಯ ದಿಕ್ಕಿಗೆ ಹ್ಯಾಂಡಲ್ ತಿರುಗಿಸುತ್ತಾನೆ, ಹಿಂದಿನ ಚಕ್ರ ಓರೆಯಾಗಿ ಎರಡನೆಯ ಹಳಿಗೆ ಬಂದು ಸಿಕ್ಕಿಕೊಳ್ಳುತ್ತದೆ. ಎರಡು ಜೊತೆ ಹಳಿ, ಅಂದರೆ ನಾಲ್ಕು ಹಳಿಗಳಿರುವ ರಸ್ತೆಯಾದರೆ ನಾಲ್ಕನ್ನೂ ಒಂದೇ ದಿಕ್ಕಿನಲ್ಲಿ ದಾಟಿ ಮುಗಿಸಿ ಆಮೇಲೆ ತಿರುಗಿ.

ಇದನ್ನೆಲ್ಲ ನಿಜವಾದ ಹಳಿಯ ಮೇಲೆ ಕಲಿಯಬೇಕಿಲ್ಲ. ಖಾಲಿ ಮೈದಾನದಲ್ಲಿ ಸೀಮೆಸುಣ್ಣದಿಂದ ಒಂದೂವರೆ ಮೀಟರ್ ಅಂತರದ ಎರಡು ಗೆರೆ ಎಳೆದು, ಗೆರೆಗೆ ಸಮಾನಾಂತರವಾಗಿ ಬಂದು, ಹಿಂದೆ ನೋಡಿ, ದೂರ ಸರಿದು, ಅಡ್ಡವಾಗಿ ದಾಟಿ. ಯಾರಾದರೂ ಪಕ್ಕದಲ್ಲಿ ನಿಂತು ಹಿಂದಿನ ಚಕ್ರದ ಜಾಡು ನೋಡಿ ಹೇಳಿದರೆ ಇನ್ನೂ ಒಳ್ಳೆಯದು. ನಮ್ಮ ಜಾಡು ನಮಗೆ ಯಾವಾಗಲೂ ನೇರವಾಗಿಯೇ ಕಾಣುತ್ತದೆ.

ಹಳಿಯ ಜೊತೆಗೇ ಹೋಗುವಾಗ

ದಾಟುವುದಕ್ಕಿಂತ ಇದು ಕಷ್ಟ. ರಸ್ತೆಯ ನಡುವೆ ಹಳಿ, ಅಂಚಿನಲ್ಲಿ ಸಾಲಾಗಿ ನಿಂತ ಕಾರು, ನಡುವೆ ಉಳಿದದ್ದು ಒಂದು ಕಿರುದಾರಿ. ಹೆಚ್ಚಿನ ಸವಾರರು ಆ ಕಿರುದಾರಿಯಲ್ಲೇ ಹೋಗುತ್ತಾರೆ, ಅದೇ ಸುರಕ್ಷಿತ ಎಂಬ ನಂಬಿಕೆಯಿಂದ. ಆಗ ನಿಂತ ಕಾರಿನ ಬಾಗಿಲು ಥಟ್ಟನೆ ತೆರೆಯಿತೆನ್ನಿ. ಬಾಗಿಲು ತಪ್ಪಿಸಲು ಯಾರೇ ಆದರೂ ಹ್ಯಾಂಡಲನ್ನು ರಸ್ತೆಯ ನಡುವಿಗೆ ಎಳೆಯುತ್ತಾರೆ. ಆ ತಿರುವು ಹತ್ತು ಹದಿನೈದು ಡಿಗ್ರಿಯದು, ಅಲ್ಲಿರುವುದು ಹಳಿ. ಮೇಲಿನ ಲೆಕ್ಕದಲ್ಲಿ ಅತಿ ಕೆಟ್ಟ ಸಾಲು ಇದೇ. ಅಡ್ಡಹಾಕಿ ನಿಲ್ಲಿಸಿದ ಸರಕು ಗಾಡಿ, ರಸ್ತೆಯ ಗುಂಡಿ, ಇದ್ದಕ್ಕಿದ್ದಂತೆ ಇಳಿದ ಪಾದಚಾರಿ, ಇವೆಲ್ಲವೂ ಮಾಡುವುದು ಅದನ್ನೇ.

ಹಾಗಾದರೆ ಏನು ಮಾಡಬೇಕು? ಕಿರುದಾರಿ ಅಗಲವಾಗಿದ್ದು, ಕಾರಿನ ಬಾಗಿಲಿಗೂ ಹಳಿಗೂ ಸಿಕ್ಕದೆ ಹೋಗುವಂತಿದ್ದರೆ ಅಲ್ಲಿಯೇ ಹೋಗಿ. ಇಲ್ಲದಿದ್ದರೆ ಎರಡು ಹಳಿಗಳ ಮಧ್ಯದ ಜಾಗವೇ ವಾಸಿ, ಸ್ಥಳೀಯ ನಿಯಮ ಅದಕ್ಕೆ ಅವಕಾಶ ಕೊಟ್ಟಿದ್ದರೆ. ಎರಡೂ ಕಡೆ ಮುಕ್ಕಾಲು ಮೀಟರಿನಷ್ಟು ಬಿಡುವು ಸಿಗುತ್ತದೆ, ಕಾರಿನ ಬಾಗಿಲು ಅಷ್ಟು ದೂರ ಬರುವುದಿಲ್ಲ. ಹಿಂದಿನ ಕಾರಿನವರು ಹಾರ್ನ್ ಹಾಕಬಹುದು. ಹಾಕಲಿ. ಆದರೆ ಹಿಂದಿನಿಂದ ಟ್ರಾಮ್ ಬಂದರೆ ಅದು ಪಕ್ಕಕ್ಕೆ ಸರಿದು ಹೋಗಲಾರದು, ಗಾಬರಿಯಲ್ಲಿ ನೀವು ಓರೆಯಾಗಿ ಹೊರಬರಲೂಬಾರದು. ಮೇಲಿನ ಕ್ರಮದಲ್ಲೇ ಅಡ್ಡವಾಗಿ ದಾಟಿ ಹೊರಬನ್ನಿ, ನಿಂತು ಟ್ರಾಮಿಗೆ ದಾರಿ ಬಿಡಿ.

ಕಿರುದಾರಿ ಬಿಟ್ಟು ಹಳಿಗಳ ನಡುವೆ, ಮತ್ತೆ ಕಿರುದಾರಿಗೆ ಎಂದು ಆಗಾಗ ಬದಲಾಯಿಸುವ ಅಭ್ಯಾಸ ಮಾತ್ರ ಬೇಡ. ನಿಂತ ಕಾರುಗಳ ನಡುವೆ ಖಾಲಿ ಜಾಗ ಕಂಡೊಡನೆ ಒಳಗೆ ನುಸುಳಿ, ಮುಂದಿನ ಕಾರು ಬಂದಾಗ ಹೊರಬರುವವರು ಪ್ರತಿ ಸಲವೂ ಎರಡು ಬಾರಿ ಹಳಿಯನ್ನು ಕೆಣಕುತ್ತಾರೆ. ಒಂದು ಜಾಗ ಆರಿಸಿಕೊಂಡು ಅಲ್ಲಿಯೇ ಇರಿ.

ನನ್ನನ್ನು ಕೇಳಿದರೆ, ಪಕ್ಕದ ಬೀದಿಯಲ್ಲಿ ಹಳಿಯಿಲ್ಲದಿದ್ದರೆ ಪಕ್ಕದ ಬೀದಿಗೇ ಹೋಗುವುದು ಎಲ್ಲಕ್ಕಿಂತ ಒಳ್ಳೆಯದು. ಐದು ನಿಮಿಷ ಹೆಚ್ಚಾಗಬಹುದು. ಇದನ್ನು ಹೇಡಿತನ ಅನ್ನುವವರು ಅನ್ನಲಿ.

ಅಡ್ಡರಸ್ತೆಗೆ ತಿರುಗುವಾಗ

ಅಂಚಿನಿಂದ ಹೊರಟು, ಹಳಿಗಳನ್ನೂ ಎದುರು ಸಂಚಾರವನ್ನೂ ಹಾಯ್ದು ಆಚೆ ಬದಿಯ ಅಡ್ಡರಸ್ತೆಗೆ ಹೋಗುವ ತಿರುವು, ಅಂದರೆ ಬಲಬದಿಯಲ್ಲಿ ಓಡಿಸುವ ದೇಶಗಳಲ್ಲಿ ಎಡ ತಿರುವು, ಎಡಬದಿಯಲ್ಲಿ ಓಡಿಸುವ ದೇಶಗಳಲ್ಲಿ ಬಲ ತಿರುವು, ಹಳಿಯ ರಸ್ತೆಯಲ್ಲಿ ಎಲ್ಲಕ್ಕಿಂತ ಕೆಟ್ಟದ್ದು. ಟೊರಾಂಟೊದ ಅಧ್ಯಯನದಲ್ಲೂ ಎಡ ತಿರುವು ಎದ್ದು ಕಂಡಿತು. ಕಾರಣ ಸುಲಭ: ಎದುರಿನ ಕಾರು, ಸಿಗ್ನಲ್, ಹಿಂದಿನ ಹಾರ್ನ್ ಎಲ್ಲದಕ್ಕೂ ಗಮನ ಕೊಡುತ್ತಾ ಬಾಗಿದ ದಾರಿಯಲ್ಲಿ, ವಾಲಿದ ಸೈಕಲ್ಲಿನಲ್ಲಿ ಹಳಿ ದಾಟಬೇಕು.

ಎರಡು ಹಂತದಲ್ಲಿ ತಿರುಗಿ. ಹಸಿರು ಬಂದಾಗ ನೇರ ಮುಂದೆ ಹೋಗಿ, ಚೌಕದ ಆಚೆ ಮೂಲೆಯಲ್ಲಿ ನಿಂತು, ಸೈಕಲನ್ನು ಅಡ್ಡರಸ್ತೆಯ ದಿಕ್ಕಿಗೆ ತಿರುಗಿಸಿಕೊಳ್ಳಿ. ಆ ರಸ್ತೆಗೆ ಹಸಿರು ಬಂದಾಗ ಹೊರಟರೆ ಹಳಿಗಳನ್ನು ಸರಿಯಾಗಿ ಅಡ್ಡವಾಗಿಯೇ ದಾಟುತ್ತೀರಿ. ಜಗತ್ತಿನ ಅತಿ ದೊಡ್ಡ ಟ್ರಾಮ್ ಜಾಲವಿರುವ ಮೆಲ್ಬರ್ನ್ ನಗರದಲ್ಲಿ ಇದೇ ಜಾತಿಯ ತಿರುವಿಗೆ ಹುಕ್ ಟರ್ನ್ ಎನ್ನುತ್ತಾರೆ. ನಗರದ ನಡುವಿನ ಹಲವು ಚೌಕಗಳಲ್ಲಿ ಕಾರುಗಳು ಕೂಡ ಹಾಗೆಯೇ ತಿರುಗಬೇಕು.

ಹಳಿಯೇ ತಿರುಗುವ ಚೌಕಗಳು ಬೇರೆ ಮಾತು. ಅಲ್ಲಿ ಬಾಗಿದ ಹಳಿ, ಕವಲು, ಒಂದನ್ನೊಂದು ಕತ್ತರಿಸುವ ಜಾಗ ಎಲ್ಲ ಸೇರಿ ಯಾವ ದಿಕ್ಕಿನಲ್ಲಿ ಹೋದರೂ ಒಂದಲ್ಲ ಒಂದು ಹಳಿಗೆ ನೀವು ಓರೆಯಾಗಿಯೇ ಇರುತ್ತೀರಿ. ಇಳಿದು ತಳ್ಳಿಕೊಂಡು ಹೋಗಿ. ಮುಜುಗರಪಡುವಂಥದ್ದೇನಿಲ್ಲ.

ಟ್ರಾಮ್ ನಿಲ್ದಾಣ

ರಸ್ತೆಯ ನಡುವೆ ಟ್ರಾಮ್ ನಿಂತು ಬಾಗಿಲು ತೆರೆದರೆ ಪ್ರಯಾಣಿಕರು ನೇರವಾಗಿ ನಿಮ್ಮ ದಾರಿಗೇ ಇಳಿಯುತ್ತಾರೆ. ಟೊರಾಂಟೊ ಇರುವ ಒಂಟಾರಿಯೊ ಪ್ರಾಂತ್ಯದ ಕಾನೂನಿನ ಪ್ರಕಾರ, ಇಳಿಯುವವರಿಗೆ ಪ್ರತ್ಯೇಕ ಕಟ್ಟೆ ಇಲ್ಲದ ಕಡೆ, ಬಾಗಿಲಿನಿಂದ 2 ಮೀಟರ್ ಹಿಂದೆ ನಿಲ್ಲಬೇಕು. ಈ ನಿಯಮ ಸೈಕಲ್ಲಿಗೂ ಅನ್ವಯ. ಬಾಗಿಲು ಮುಚ್ಚಿ, ಕೊನೆಯವರು ಪಾದಚಾರಿ ಮಾರ್ಗ ಸೇರುವವರೆಗೆ ನಿಂತಿರುವುದೇ ಸರಿ. ಟ್ರಾಮಿನ ಪಕ್ಕದಿಂದ ನುಗ್ಗಿ ಮುಂದೆ ಹೋದರೂ ಉಪಯೋಗವಿಲ್ಲ, ಮುಂದಿನ ನಿಲ್ದಾಣದೊಳಗೆ ಅದು ನಿಮ್ಮನ್ನು ಮತ್ತೆ ಹಿಂದಿಕ್ಕುತ್ತದೆ.

ಕೆಲವು ಊರುಗಳಲ್ಲಿ ಹಳಿ ರಸ್ತೆಯ ಅಂಚಿನಲ್ಲೇ ಇರುತ್ತದೆ, ಇಲ್ಲವೇ ನಿಲ್ದಾಣದ ಬಳಿ ಮಾತ್ರ ಅಂಚಿಗೆ ಬಾಗಿ ಬರುತ್ತದೆ. ಇಂಥಲ್ಲಿ ಅಂಚಿಗಂಟಿಕೊಂಡು ಬಂದ ಸವಾರ ತಾನು ಒಂದಿಷ್ಟೂ ತಿರುಗದಿದ್ದರೂ ಹಳಿಯೇ ಅವನ ಚಕ್ರದಡಿಗೆ ಓರೆಯಾಗಿ ಬಂದು ಸೇರುತ್ತದೆ. ನಿಲ್ದಾಣದ ಕಟ್ಟೆ ಕಂಡೊಡನೆ, ಅದಕ್ಕೂ ಸಾಕಷ್ಟು ಮೊದಲೇ, ಹಳಿಯಿಂದಾಚೆಗಿನ ಲೇನಿಗೆ ಸೇರಿಕೊಳ್ಳಿ. ಹಾದುಹೋಗುವ ಟ್ರಾಮ್ ತಿರುವಿನಲ್ಲಿ ತನ್ನ ಮೂತಿ, ಬಾಲಗಳನ್ನು ಹಳಿಯಾಚೆ ಬೀಸುತ್ತದೆ ಎಂಬುದೂ ಗಮನದಲ್ಲಿರಲಿ. ಟೊರಾಂಟೊದಲ್ಲಿ ಈಗ ಓಡುವ ಟ್ರಾಮ್ 30 ಮೀಟರ್ ಉದ್ದದ್ದು. ತಿರುವಿನ ಯಾವ ಬದಿಯಲ್ಲೂ ಅದರ ಪಕ್ಕ ನಿಲ್ಲಬೇಡಿ.

ಮಳೆ, ಕತ್ತಲು, ಹಿಮ

ಮಳೆಯಲ್ಲಿ ಅರವತ್ತು ಡಿಗ್ರಿಯೂ ಸಾಲದು, ತೊಂಬತ್ತರ ಹತ್ತಿರ ಬನ್ನಿ. ವೇಗ ಇಳಿಸುವುದೆಲ್ಲ ಹಳಿಗೆ ಮುಂಚೆಯೇ ಆಗಿರಲಿ. ಮಳೆ ಶುರುವಾದ ಮೊದಲ ಕೆಲವು ನಿಮಿಷ ವಿಶೇಷ ಜೋಪಾನ ಬೇಕು, ಧೂಳು ಮತ್ತು ಎಣ್ಣೆ ನೀರಿನೊಂದಿಗೆ ಬೆರೆತಿರುತ್ತದೆ. ವಿದ್ಯುತ್ ಸಹಾಯದ ಸೈಕಲ್ಲಾದರೆ ಹಳಿ ಬರುವ ಮುಂಚೆ ಪೆಡಲ್ ನಿಲ್ಲಿಸಿ. ಚಕ್ರ ಒದ್ದೆ ಹಳಿಯ ಮೇಲಿರುವಾಗ ಮೋಟಾರು ನೂಕಿದರೆ ಹಿಂದಿನ ಚಕ್ರ ಗಿರಕಿ ಹೊಡೆಯುತ್ತದೆ. ರಾತ್ರಿ ಒದ್ದೆ ರಸ್ತೆಯಲ್ಲಿ ದೀಪಗಳ ಪ್ರತಿಬಿಂಬ ಯಾವುದು, ಹಳಿ ಯಾವುದು ಎಂದು ತಿಳಿಯುವುದಿಲ್ಲ. ಹಿಮ ಬಿದ್ದರೆ ಸಂದು ಕಾಣುವುದೇ ಇಲ್ಲ. ಆ ದಿನ ಟ್ರಾಮನ್ನೇ ಹತ್ತಿ.

ಟೈರು ಮತ್ತು ಹೊರೆ

ಟೈರಿನ ಬದಿಯಲ್ಲಿ 37-622 ಎಂಬಂಥ ಸಂಖ್ಯೆ ಅಚ್ಚಾಗಿರುತ್ತದೆ. ಮೊದಲನೆಯದು ಮಿಲಿಮೀಟರಿನಲ್ಲಿ ಅಗಲ. ನಿಮ್ಮ ಫೋರ್ಕಿನಲ್ಲಿ ಜಾಗವಿದ್ದರೆ 47 ಅಥವಾ 50ರ ಟೈರು ಹಾಕಿಸಿ, ಹೇಳಿದಷ್ಟು ಗಾಳಿ ತುಂಬಿಸಿ. ಮೆತ್ತಗಾದ ಅಗಲ ಟೈರು ಹಿಸುಕಿಕೊಂಡು ಸಂದಿಗೆ ಇಳಿಯಬಲ್ಲದು. ಅಗಲ ಟೈರು ಅಪಾಯವನ್ನು ಕಡಿಮೆ ಮಾಡುತ್ತದೆ, ಇಲ್ಲವಾಗಿಸುವುದಿಲ್ಲ. ತಿರುವುಗಳಲ್ಲಿ, ಸವೆದ ಹಳಿಗಳಲ್ಲಿ ಸಂದು ಇನ್ನೂ ಅಗಲವಾಗಿರುತ್ತದೆ, ಹಳಿಯ ಪಕ್ಕದ ಡಾಂಬರು ಕಿತ್ತುಹೋಗಿದ್ದರೆ ಕೇಳುವುದೇ ಬೇಡ. ಒದ್ದೆ ಉಕ್ಕಿನ ಮೇಲೆ ಜಾರುವ ವಿಷಯದಲ್ಲಂತೂ ಅಗಲಕ್ಕೆ ಹೆಚ್ಚು ಬೆಲೆಯಿಲ್ಲ.

ಮಡಚುವ ಸೈಕಲ್ಲಿನ ಪುಟ್ಟ ಚಕ್ರ ಸಂದಿಗೆ ಇನ್ನಷ್ಟು ಆಳವಾಗಿ ಇಳಿಯುತ್ತದೆ. ಮಗುವನ್ನು ಹಿಂದೆ ಕೂರಿಸಿಕೊಂಡಿದ್ದರೆ ತೂಕವೆಲ್ಲ ಹಿಂದೆ ಮೇಲೆ ಸೇರಿ ಸೈಕಲ್ ಬೇಗ ವಾಲುತ್ತದೆ. ಹಿಂದೆ ಗಾಡಿ ಕಟ್ಟಿದ್ದರೆ ಅದರ ಚಕ್ರಗಳು ನಿಮ್ಮ ಜಾಡಿನಲ್ಲೇ ಬರುವುದಿಲ್ಲ. ಗಾಡಿಯೂ ದಾಟುವವರೆಗೆ ನೇರ ಹೋಗಿ. ಹೊಸದಾಗಿ ಕಲಿತ ಮಕ್ಕಳನ್ನು ಹಳಿಯ ಬಳಿ ಇಳಿಸಿ, ನಡೆಸಿಕೊಂಡೇ ದಾಟಿಸಿ. ಗುಂಪಿನಲ್ಲಿ ಹೋಗುವವರು ಮುಂದಿನವರ ಚಕ್ರಕ್ಕೆ ಅಂಟಿಕೊಂಡಿರದೆ ಅಂತರ ಬಿಟ್ಟು, ಹಳಿ ಬಂತೆಂದು ಕೂಗಿ ಹೇಳಲಿ.

ಟ್ರಾಮ್ ನಿಂತುಹೋದ ರಸ್ತೆಯಲ್ಲಿ ಉಳಿದ ಹಳೆಯ ಹಳಿಗೂ ಇದೆಲ್ಲ ಅನ್ವಯಿಸುತ್ತದೆ. ಟ್ರಾಮ್ ಬರುವುದಿಲ್ಲ, ಸಂದು ಇರುತ್ತದೆ.

ಸಿಕ್ಕಿಕೊಂಡರೆ, ಬಿದ್ದರೆ

ಚಕ್ರ ಒಳಗಿಳಿಯಿತೆಂದು ಗೊತ್ತಾಗುವಷ್ಟು ಸಮಯ ಸಿಕ್ಕರೆ ಹ್ಯಾಂಡಲನ್ನು ಪಕ್ಕಕ್ಕೆ ಎಳೆಯಬೇಡಿ. ಎಳೆದರೆ ಟೈರು ಸಂದಿನ ಗೋಡೆಗೆ ಒರಗಿ ಬಿಗಿದುಕೊಳ್ಳುತ್ತದೆ. ಹಳಿಯ ದಿಕ್ಕಿಗೇ ಬಿಟ್ಟು, ಹಿಂದಿನ ಬ್ರೇಕನ್ನು ಮೆಲ್ಲಗೆ ಹಿಡಿದು, ಸೀಟಿನಿಂದ ಇಳಿದು ಕಾಲೂರಿ. ಪಾದವನ್ನು ಪೆಡಲಿಗೆ ಬಿಗಿಯುವ ಶೂ ಹಾಕಿದ್ದರೆ ಹಳಿಯ ರಸ್ತೆ ಶುರುವಾಗುವ ಮುಂಚೆಯೇ ಒಂದು ಪಾದ ಬಿಡಿಸಿಕೊಂಡಿರಿ.

ಬಿದ್ದರೆ ಮೊದಲು ನೀವು ಹಳಿಯಿಂದ ಆಚೆ ಬನ್ನಿ, ಸೈಕಲ್ ಆಮೇಲೆ. ಎರಡೂ ದಿಕ್ಕು ನೋಡಿ. ಟ್ರಾಮ್ ಸದ್ದಿಲ್ಲದೆ ಬರುತ್ತದೆ, ಬೇಗ ನಿಲ್ಲಲಾರದು. ಅಂಗೈ ಊರಿ ಬಿದ್ದವರಿಗೆ ಮಣಿಕಟ್ಟು, ಭುಜದ ಮೇಲೆ ಬಿದ್ದವರಿಗೆ ಕಾಲರ್ ಎಲುಬು ಮುರಿಯುವುದು ಸಾಮಾನ್ಯ. ತಲೆಗೆ ಪೆಟ್ಟಾಗಿದ್ದರೆ ಚೆನ್ನಾಗಿದ್ದೇನೆ ಅನ್ನಿಸಿದರೂ ವೈದ್ಯರಿಗೆ ತೋರಿಸಿ, ಹೆಲ್ಮೆಟ್ ಬದಲಾಯಿಸಿ. ಮತ್ತೆ ಹತ್ತುವ ಮೊದಲು ಮುಂದಿನ ಚಕ್ರ ಎತ್ತಿ ತಿರುಗಿಸಿ ಸೊಟ್ಟಗಾಗಿದೆಯೇ ನೋಡಿ, ಹ್ಯಾಂಡಲ್ ಚಕ್ರದ ನೇರಕ್ಕಿದೆಯೇ ನೋಡಿ, ಟೈರಿನ ಬದಿಯಲ್ಲಿ ಸೀಳು ಬಿದ್ದಿದೆಯೇ ಎಂದು ಬೆರಳಾಡಿಸಿ. ಎರಡೂ ಬ್ರೇಕ್ ಒಮ್ಮೆ ಹಿಡಿದು ಬಿಡಿ. ಬಿದ್ದ ಜಾಗದ ಚಿತ್ರ ತೆಗೆದು, ಹಳಿಯ ಪಕ್ಕ ಕಿತ್ತಿದ್ದರೆ ಅದೂ ಕಾಣುವಂತೆ, ನಗರಾಡಳಿತಕ್ಕೆ ಬರೆದು ಕಳಿಸಿ. ಚಕ್ರದ ದಾರಿ ಎತ್ತ ಬಾಗಿತ್ತು, ಹಳಿ ಎಷ್ಟು ಓರೆಯಾಗಿ ಬಂದು ಸೇರಿತು ಎಂಬ ಎರಡು ಸಾಲು ಆ ದೂರಿನಲ್ಲಿರಲಿ; ದಾರಿಯನ್ನು ತಿರುಗಿಸಿ ಕಟ್ಟುವವರಿಗೆ ಬೇಕಾಗುವುದು ಅದೇ ವಿವರ.